ಹದಿನಾರೋ ಹತ್ತೊಂಬತ್ತೋ

ಆ ದಿನದ ದಿನಚರಿಯಲ್ಲಿ ನಾನು ಬರೆದುಕೊಂಡಿರುವುದು ಇಷ್ಟು: "ಹುಡುಗಿಯರ ಸ್ಪರ್ಧೆ. ೧೬ ಮೊದಲು, ೧೯ ಎರಡನೆಯದು. ಅರ್ಧ ಚಕ್ರದ ಅಂತರ. ಸ್ಪಷ್ಟ."

ಸ್ಪರ್ಧೆ ಮುಗಿದದ್ದು ಬೆಳಿಗ್ಗೆ ಒಂಬತ್ತೂವರೆಗೆ. ಈ ಸಾಲು ಬರೆದದ್ದು ಮಧ್ಯಾಹ್ನ ಮೂರಕ್ಕೆ. ನಡುವೆ ಒಬ್ಬರು ಬಂದು ನನ್ನನ್ನು ಒಂದು ಮಾತು ಕೇಳಿ ಹೋಗಿದ್ದರು. ನಾನು ಬರೆದದ್ದು ಕಂಡದ್ದನ್ನೋ, ಅವರಿಗೆ ಕೊಟ್ಟ ಉತ್ತರವನ್ನೋ, ಈಗ ಹೇಳಲಾರೆ. ಇತಿಹಾಸ ಕಲಿಸುವವಳು ನಾನು. ಘಟನೆ ನಡೆದ ಮೇಲೆ ಬರೆದ ದಾಖಲೆಯಲ್ಲಿ "ಸ್ಪಷ್ಟ" ಎಂಬ ಪದ ಕಂಡರೆ ಅಲ್ಲೇ ನಿಂತು ಅನುಮಾನಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ.

ಹೊಸಪೇಟೆಯ ನಮ್ಮ ಕಾಲೇಜು ರಾಜ್ಯೋತ್ಸವದ ದಿನ ಸೈಕಲ್ ಸ್ಪರ್ಧೆ ನಡೆಸುತ್ತದೆ. ಕಾಲೇಜಿನದು ಎನ್ನುವುದು ಹೆಸರಿಗೆ. ಸುತ್ತಲಿನ ಊರಿನ ಯಾರು ಬೇಕಾದರೂ ಸೇರಬಹುದು. ಕಮಲಾಪುರದಿಂದ ಹಾಲು ಹಾಕುವವರು ಬರುತ್ತಾರೆ, ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಿವೃತ್ತರು ಚಡ್ಡಿ ಹಾಕಿಕೊಂಡು ಬರುತ್ತಾರೆ, ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುವವರು ತಮ್ಮದೇ ಬಾಡಿಗೆ ಸೈಕಲ್ಲಿನ ಮೇಲೆ ಬರುತ್ತಾರೆ. ಆ ವರ್ಷ ಹುಡುಗಿಯರ ಸ್ಪರ್ಧೆಗೆ ಹೊಸ ತೂಕ ಬಂದಿತ್ತು. ಮೊದಲು ಬಂದವಳ ಹೆಸರನ್ನು ಕಿರಿಯರ ರಾಜ್ಯ ಮಟ್ಟದ ಆಯ್ಕೆಗೆ ಕಳಿಸಬೇಕಿತ್ತು. ಒಂದೇ ಹೆಸರು. ಹತ್ತು ದಿನದೊಳಗೆ.

ಸಮಿತಿಯಲ್ಲಿ ನಾಲ್ಕು ಜನ. ಪ್ರಿನ್ಸಿಪಾಲರು, ದೈಹಿಕ ಶಿಕ್ಷಣದ ಸರ್, ಬಸ್ ನಿಲ್ದಾಣದ ಹಿಂದೆ ಸೈಕಲ್ ಅಂಗಡಿ ಇಟ್ಟಿರುವ, ಊರೆಲ್ಲ ಚಾಚಾ ಎಂದು ಕರೆಯುವ ಹಿರಿಯರು, ಮತ್ತು ನಾನು. ನಾನು ಅತಿಥಿ ಉಪನ್ಯಾಸಕಿ. ಅತಿಥಿಯೆಂದರೆ ಪ್ರತಿ ವರ್ಷ ಮತ್ತೆ ಕರೆಸಿಕೊಳ್ಳಬೇಕಾದವಳು. ಹೀಗಾಗಿ ಯಾರಿಗೂ ಬೇಡದ ಕೆಲಸಗಳು ನನಗೆ ಬರುತ್ತವೆ. ನಿಯಮಾವಳಿ ಬರೆಯುವುದು ಬಂತು. ಮುಕ್ತಾಯದ ಗೆರೆಯ ತೀರ್ಪುಗಾರಿಕೆಯೂ ಬಂತು.

ಅಂಕಿಗಳ ವಿಷಯ ಮಾತ್ರ ಯಾರೂ ನನ್ನ ಮೇಲೆ ಹೊರಿಸಿದ್ದಲ್ಲ, ನಾನಾಗಿಯೇ ತಂದದ್ದು. ರಾಜ್ಯೋತ್ಸವದ ಸ್ಪರ್ಧೆಯಲ್ಲಿ ಬೆನ್ನಿನ ಮೇಲಿನ ಸಂಖ್ಯೆಗಳಾದರೂ ಕನ್ನಡ ಅಂಕಿಯಲ್ಲಿರಲಿ ಎಂದು ಸಭೆಯಲ್ಲಿ ಹೇಳಿದೆ. ದೈಹಿಕ ಶಿಕ್ಷಣದ ಸರ್ ತಲೆ ಕೆರೆದುಕೊಂಡರು.

"ಮೇಡಂರ, ಅವನ್ನ ಓದೋರು ಯಾರ್ರಿ? ನಮ್ ಹುಡುಗ್ರು ಕನ್ನಡ ಅಂಕಿ ನೋಡಿದ್ದು ಒಂದನೇ ಕ್ಲಾಸಿನ ಪುಸ್ತಕದಾಗ."

"ಅದಕ್ಕ ಬೇಕ್ರಿ ಸರ್," ಎಂದೆ.

"ನನಗೇನ್ ಇಲ್ರಿ," ಎಂದರು ಚಾಚಾ. "ನಾ ಉರ್ದು ಓದ್ತೀನಿ, ತೆಲುಗು ಓದ್ತೀನಿ, ಟೈರಿನ ಮ್ಯಾಲಿಂದೂ ಓದ್ತೀನಿ. ಮುಂದ ಬಂದವ್ರು ಮುಂದ ಬಂದಂಗ. ಅಂಕಿ ಏನ್ ಮಾಡ್ತೈತಿ?"

ಪ್ರಿನ್ಸಿಪಾಲರಿಗೆ ಯೋಚನೆ ಹಿಡಿಸಿತು. ಪತ್ರಿಕೆಗೆ ಒಳ್ಳೆಯ ಫೋಟೋ ಆಗುತ್ತದೆ ಎಂದರು. ಬೋರ್ಡ್ ಬರೆಯುವ ಪೇಂಟರ್ ಒಬ್ಬನಿಗೆ ಬಿಳಿ ಬಟ್ಟೆಯ ತುಂಡುಗಳನ್ನು ಕೊಟ್ಟೆವು. ಅವನು ಕಲಾವಿದ. ಪ್ರತಿ ಅಂಕಿಗೂ ಬಾಲ, ಬಳುಕು ಕೊಟ್ಟು ಚೆಂದ ಬರೆದಿದ್ದ. ೬ ಮತ್ತು ೯ರ ಮೈಯೆಲ್ಲ ಒಂದೇ, ಕೊನೆಯಲ್ಲಿ ಬಾಲ ತಿರುಗುವ ದಿಕ್ಕಷ್ಟೇ ಬೇರೆ ಎಂಬುದನ್ನು ಆಗ ನಾನು ಗಮನಿಸಿದ್ದೆನೆ? ಗಮನಿಸಿದ್ದೆ ಎಂದು ಈಗ ಅನ್ನಿಸುತ್ತದೆ. ಆದರೆ ಇದು ಆಮೇಲೆ ಹುಟ್ಟಿದ ನೆನಪೂ ಇರಬಹುದು.

ಸ್ಪರ್ಧೆಯ ಹಿಂದಿನ ದಿನ ದಾರಿ ನೋಡಲು ಹೋದೆವು. ಹುಡುಗಿಯರು ಕಾಲೇಜಿನಿಂದ ಹೊರಟು ಕಮಲಾಪುರ ದಾಟಿ, ಕಂಪ್ಲಿ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಡ್ರಮ್ಮೊಂದನ್ನು ಸುತ್ತಿ ವಾಪಸ್ ಬರಬೇಕು. ಬೇಗ ಕೊಯ್ಲು ಮುಗಿಸಿದ್ದ ರೈತರೊಬ್ಬರು ಕಂಪ್ಲಿ ರಸ್ತೆಯ ಅರ್ಧ ಭಾಗಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟು, ಮರದ ಕೆಳಗೆ ಕೂತಿದ್ದರು. ನಾಳೆ ಒಂದು ದಿನ ತೆಗೆಯಿರಿ ಎಂದು ದೈಹಿಕ ಶಿಕ್ಷಣದ ಸರ್ ಕೇಳಿದರು.

"ಲಾರಿಗೆ ತೆಗದಿಲ್ಲ, ಬಸ್ಸಿಗೆ ತೆಗದಿಲ್ಲ, ಸೈಕಲ್ಲಿಗೆ ತೆಗೀಬೇಕೇನ್ರಿ?" ಎಂದರು ಅವರು. "ಇನ್ನರ್ಧ ರೋಡ್ ಐತೆಲ್ರಿ. ಸೈಕಲ್ ಎಷ್ಟ್ ದಪ್ಪ ಇರ್ತೈತಿ?"

ಭತ್ತ ಅಲ್ಲೇ ಉಳಿಯಿತು.

ಬೆಳಿಗ್ಗೆ ಇಪ್ಪತ್ತೆರಡು ಹುಡುಗಿಯರು ಹೊರಟರು. ಎಲ್ಲರಿಗೂ ಒಂದೇ ಹಳದಿ ಟೀ ಶರ್ಟ್, ಎಲ್ಲರ ತಲೆಗೂ ಎರವಲು ತಂದ ಕಪ್ಪು ಹೆಲ್ಮೆಟ್. ಗೆಲ್ಲುವವರು ಇಬ್ಬರಲ್ಲಿ ಒಬ್ಬರು ಎಂದು ಎಲ್ಲರಿಗೂ ತಿಳಿದಿತ್ತು. ಹದಿನಾರನೇ ಸಂಖ್ಯೆಯವಳು ಎಮ್ಮಿಗನೂರಿನವಳು, ನಮ್ಮ ಹಾಸ್ಟೆಲಿನಲ್ಲಿದ್ದು ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುವವಳು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಗದ್ದೆಯ ಬದುವಿನ ಮೇಲೆ ಕಲಿತವಳು. ಹತ್ತೊಂಬತ್ತನೆಯವಳು ಕುರೆಕುಪ್ಪದವಳು. ಅದಿರಿನ ಲಾರಿಗಳ ನಡುವೆ ಸಂಡೂರು ರಸ್ತೆಯ ಏರು ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡವಳು. ಡಿಸೆಂಬರ್ ಮುಗಿದರೆ ಅವಳಿಗೆ ಕಿರಿಯರ ವಿಭಾಗದ ವಯಸ್ಸು ದಾಟುತ್ತಿತ್ತು. ಚಾಚಾ ತಮ್ಮ ಬಳಿ ಇದ್ದ ಎರಡು ಕಪ್ಪು ರೇಸ್ ಸೈಕಲ್‌ಗಳನ್ನು ಇವರಿಬ್ಬರಿಗೇ ಕೊಟ್ಟಿದ್ದರು. ಒಂದೇ ಕಂಪನಿ, ಒಂದೇ ಎತ್ತರ. "ನ್ಯಾಯ ಅಂದ್ರ ಹಿಂಗಿರ್ಬೇಕು," ಎಂದಿದ್ದರು.

ಗೆರೆಯ ಪಕ್ಕದಲ್ಲಿ ಟ್ರ್ಯಾಕ್ಟರಿನ ಟ್ರಾಲಿ ನಿಲ್ಲಿಸಿ ಅದರ ಮೇಲೆ ನನಗೊಂದು ಕುರ್ಚಿ, ಕಾಲೇಜಿನ ಗುಮಾಸ್ತರಿಗೊಂದು ಕುರ್ಚಿ ಹಾಕಿದ್ದರು. ಗೆರೆ ದಾಟಿದವರ ಬೆನ್ನಿನ ಸಂಖ್ಯೆಯನ್ನು ನಾನು ಕೂಗಬೇಕು, ಗುಮಾಸ್ತರು ಬರೆಯಬೇಕು. ಅವರು ಹಾಳೆಯಿಂದ ಕಣ್ಣೆತ್ತುವಂತಿಲ್ಲ. ಎತ್ತಿದರೆ ಮುಂದಿನ ಸಂಖ್ಯೆ ತಪ್ಪುತ್ತದೆ. ಈ ವ್ಯವಸ್ಥೆ ಮಾಡಿದವಳೂ ನಾನೇ. ಎಂಟೂವರೆಗೆ ಹತ್ತಿ ಕೂತೆ. ಒಂಬತ್ತರ ಹೊತ್ತಿಗೆ ಸುತ್ತ ಎಷ್ಟು ಜನ ಸೇರಿದ್ದರೆಂದರೆ ಇಳಿಯಬೇಕೆಂದರೂ ಇಳಿಯುವ ಹಾಗಿರಲಿಲ್ಲ.

ಭತ್ತ ಹರವಿದ್ದ ಕಡೆ ಇಕ್ಕಟ್ಟಾಗಿ ಗುಂಪು ಒಡೆದಿದೆ, ಇಬ್ಬರೇ ಮುಂದೆ ಬರುತ್ತಿದ್ದಾರೆ ಎಂದು ಫೋನ್ ಬಂತು. ಆಮೇಲೆ ತಿರುವಿನಲ್ಲಿ ಎರಡು ಹಳದಿ ಚುಕ್ಕೆಗಳು ಕಂಡವು. ಎರಡೂ ತಲೆ ಹ್ಯಾಂಡಲಿನ ಮೇಲೆ ಬಗ್ಗಿದ್ದವು. ಜನ ಕೂಗಿದರು. ಗೆರೆಯನ್ನು ಅವರು ದಾಟಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ನನ್ನ ಕಡೆಯ ಸೈಕಲ್ ಮುಂದೆ, ಆಚೆಯದು ಅರ್ಧ ಚಕ್ರ ಹಿಂದೆ. ಮುಂದಿದ್ದ ಬೆನ್ನನ್ನು ನೋಡಿ "ಹದಿನಾರು!" ಎಂದು ಕೂಗಿದೆ. ನಂತರ "ಹತ್ತೊಂಬತ್ತು!" ಎಂದೆ. ಈ ಎರಡನೆಯದನ್ನು ಓದಿ ಹೇಳಿದೆನೋ, ಮೊದಲಿನದು ಹದಿನಾರಾದರೆ ಉಳಿದದ್ದು ಹತ್ತೊಂಬತ್ತೇ ಎಂದು ಹೇಳಿದೆನೋ ಗೊತ್ತಿಲ್ಲ. ಹಾಸ್ಟೆಲಿನ ಹುಡುಗಿಯರು ಟ್ರಾಲಿಯ ತಗಡನ್ನು ಬಡಿಯುತ್ತಿದ್ದರು. ಮುಖ್ಯ ಅತಿಥಿಗಳಿಗೆ ಇನ್ನೊಂದು ಧ್ವಜಾರೋಹಣವಿತ್ತು. ಗುಮಾಸ್ತರು ಚಾಚಿದ ಹಾಳೆಗೆ ನಾನು ನಿಂತಲ್ಲೇ ಸಹಿ ಹಾಕಿದೆ. ಹತ್ತು ನಿಮಿಷದಲ್ಲಿ ಪದಕ ಕೊಟ್ಟದ್ದೂ ಆಯಿತು.

ಆಮೇಲೆ ಬಂದವರು ಕುರೆಕುಪ್ಪದ ಹುಡುಗಿಯ ಅಪ್ಪ. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಪಾಳಿ ಮುಗಿಸಿ ನೇರ ಬಂದಿದ್ದರು, ಕಾಲಲ್ಲಿ ಆ ದಪ್ಪ ಬೂಟು ಹಾಗೇ ಇತ್ತು. ಟ್ರಾಲಿಯ ಕೆಳಗೆ ನಿಂತು ಮುಖ ಮೇಲೆತ್ತಿದರು.

"ಮೇಡಂರ, ನಮ್ ಹುಡುಗಿ ಮುಂದಿದ್ದಂಗಿತ್ತಲ್ರಿ?"

"ಇಲ್ರಿ. ನಾನ ನೋಡೀನಿ," ಎಂದೆ.

"ಹಂಗೇನ್ರಿ." ಮಗಳಿದ್ದ ಕಡೆ ತಿರುಗಿ ನೋಡಿದರು. "ಮತ್ತ ಆಕಿ ಅಳಾಕತ್ಯಾಳ್ರಿ. ಸೋತ್ರ ಅಳಾಕಿ ಅಲ್ಲ ಆಕಿ."

"ಆಕ್ಷೇಪಣೆ ಇದ್ರ ಅರ್ಧ ತಾಸಿನಾಗ ಬರದು ಕೊಡ್ರಿ. ನಿಯಮ ಐತಿ."

"ಯಾರಿಗೆ ಕೊಡ್ಬೇಕ್ರಿ?"

"ತೀರ್ಪುಗಾರರಿಗೆ."

"ಅವ್ರೆಲ್ಲಿ ಅದಾರ್ರಿ?"

"ನಾನ ರಿ."

ಅವರಿಗೆ ನಗು ಬಂತು. ವ್ಯಂಗ್ಯವಲ್ಲ, ನಿಜವಾದ ನಗು. "ಹಂಗಾದ್ರ ಬಿಡ್ರಿ," ಎಂದು ಹೋದರು. "ತೀರ್ಪುಗಾರರ ನಿರ್ಧಾರವೇ ಅಂತಿಮ" ಎಂಬ ವಾಕ್ಯವನ್ನು ನಿಯಮಾವಳಿಯ ಕೊನೆಗೆ ಸೇರಿಸಿದ್ದು ನಾನೇ. ಸೇರಿಸುವಾಗ ಅದು ನನ್ನ ರಕ್ಷಣೆಗೆ ಎಂದುಕೊಂಡಿದ್ದೆ.

ಮೊದಲ ಎರಡು ದಿನ ನಾನು ಹುಡುಕಿದ್ದು ನನ್ನ ಪರವಾದ ಸಾಕ್ಷಿಯನ್ನು. ಇದನ್ನು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಗಳ ಫೋನಿನಲ್ಲಿದ್ದ ವಿಡಿಯೋಗಳನ್ನೆಲ್ಲ ಕೇಳಿ ತರಿಸಿಕೊಂಡೆ. ಒಂದರಲ್ಲಿ ಯಾರದೋ ಕೈ, ಇನ್ನೊಂದರಲ್ಲಿ ಯಾರದೋ ತಲೆ. ಗೆರೆಗೆ ಸರಿಯಾಗಿ ನಿಂತು ತೆಗೆದದ್ದು ಒಂದೇ ಒಂದಿತ್ತು. ಅದರಲ್ಲಿ ಇಬ್ಬರೂ ಗೆರೆಗೆ ಬರುವ ಹೊತ್ತಿಗೆ ಕನ್ನಡ ಬಾವುಟವೊಂದು ಎಡದಿಂದ ಬಲಕ್ಕೆ ಇಡೀ ಪರದೆಯನ್ನು ಒರೆಸಿಕೊಂಡು ಹೋಗುತ್ತದೆ. ಬಾವುಟ ಸರಿದಾಗ ಇಬ್ಬರೂ ಗೆರೆ ದಾಟಿ ಆಗಿದೆ. ಮುಂದಿನವಳ ಬೆನ್ನಿನ ಬಟ್ಟೆ ಕಾಣುತ್ತದೆ, ಅಂಕಿಯ ಕೊನೆ ಮಡಿಕೆಯೊಳಗೆ ಸೇರಿಕೊಂಡಿದೆ. ಎಷ್ಟು ಸಲ ನೋಡಿದೆನೋ. ಒಮ್ಮೆ ಆರು ಕಂಡರೆ ಒಮ್ಮೆ ಒಂಬತ್ತು ಕಂಡಿತು.

ಅಂಗಡಿಗೆ ಹೋಗಿ ಚಾಚಾಗೆ ಹೇಳಿದೆ. ಅವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

"ಗಾಳಿ ಎಲ್ಲಿ ಹೋಗ್ತೈತಿ ಅಂತ ಕುಂತು ಚಿಂತಿ ಮಾಡಿದ್ರ ಗೊತ್ತಾಗಂಗಿಲ್ಲ ಬೇಟಿ. ನೀರಾಗ ಹಾಕ್ಬೇಕು. ಆದಿತ್ಯವಾರ ಬಾ."

ಭಾನುವಾರ ಬೆಳಿಗ್ಗೆ ಅದೇ ಗೆರೆಯ ಹತ್ತಿರ ಅದೇ ಟ್ರಾಲಿ ತರಿಸಿದೆವು. ಸೈಕಲ್ ಚೆನ್ನಾಗಿ ತುಳಿಯುವ ಬೇರೆ ಇಬ್ಬರು ವಿದ್ಯಾರ್ಥಿನಿಯರಿಗೆ ಅದೇ ಟೀ ಶರ್ಟ್, ಹೆಲ್ಮೆಟ್, ಅವೇ ಎರಡು ಅಂಕಿಯ ಬಟ್ಟೆ. ಬಟ್ಟೆಯನ್ನು ಅಂದು ಪಿನ್ ಮಾಡಿದ್ದಂತೆ ಸೊಂಟದ ಹತ್ತಿರ ಕೆಳಗೇ ಪಿನ್ ಮಾಡಿದೆವು. ಪ್ರತಿ ಸಲ ಯಾರು ಮುಂದೆ ಬರಬೇಕೆಂದು ಚಾಚಾ ತಿರುವಿನಲ್ಲಿ ನಿಂತು ಅವರಿಗೆ ಹೇಳಿ, ತಮ್ಮ ಬಳಿ ಬರೆದಿಟ್ಟುಕೊಳ್ಳುತ್ತಿದ್ದರು. ನನಗೆ ಗೊತ್ತಿರುತ್ತಿರಲಿಲ್ಲ. ಅವರು ಜೋರಾಗಿ ತುಳಿದು ದಾಟಬೇಕು, ನಾನು ಮುಂದಿನವಳ ಸಂಖ್ಯೆ ಕೂಗಬೇಕು. ಹೀಗೆ ಹತ್ತು ಸಲ.

ಆರು ಸಲ ಸರಿಯಾಗಿ ಕೂಗಿದ್ದೆ. ತಪ್ಪಿದ ನಾಲ್ಕೂ ಸಲ ಹತ್ತೊಂಬತ್ತನ್ನು ಹದಿನಾರು ಎಂದಿದ್ದೆ. ಹದಿನಾರನ್ನು ಒಮ್ಮೆಯೂ ಹತ್ತೊಂಬತ್ತು ಎಂದಿರಲಿಲ್ಲ.

ಚಾಚಾ ಚೀಟಿ ತೋರಿಸಿ, "ಬಗ್ಗಿದ್ರ ಬಟ್ಟಿ ಮಡಚ್ತೈತಿ, ಬಾಲ ಒಳಗ ಹೋಗ್ತೈತಿ. ನಿನ್ನ ತಪ್ಪಲ್ಲ," ಎಂದರು.

ಬಟ್ಟೆ ಮಡಚುವುದು ನಿಜ. ಆದರೆ ಬಾಲ ಕಾಣದಿದ್ದರೆ ಎರಡೂ ಒಂದೇ ತಾನೆ, ನಾಲ್ಕೂ ಸಲ ನನಗೆ ಆರೇ ಏಕೆ ಕಂಡಿತು? ಹದಿನಾರು ಎಂದರೆ ಎರಡನೇ ಬೆಂಚಿನ ಹುಡುಗಿ. ನಾನು ಯಾರ ಪರವಾಗಿಯೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದರೆ ಸುಲಭವಿತ್ತು. ನಿಜ ಯಾವುದೆಂದು ಗೊತ್ತಿರುತ್ತಿತ್ತು. ಈಗ ಕುರೆಕುಪ್ಪದವಳೇ ಗೆದ್ದಳು ಎಂದು ಹೇಳುವ ಹಕ್ಕೂ ನನಗಿರಲಿಲ್ಲ. ನನ್ನ ಬಳಿ ಇದ್ದದ್ದು ಒಂದು ಸಹಿ ಮಾತ್ರ, ಅದರ ಹಿಂದೆ ಕಂಡದ್ದು ಏನೂ ಇರಲಿಲ್ಲ.

ಹೆಸರು ಕಳಿಸಲು ನಾಲ್ಕು ದಿನ ಉಳಿದಿತ್ತು. ಪ್ರಿನ್ಸಿಪಾಲರ ಕೋಣೆಗೆ ಹೋದೆ. ದೈಹಿಕ ಶಿಕ್ಷಣದ ಸರ್ ಕೂಡ ಅಲ್ಲಿದ್ದರು.

"ಅಂದ್ರ ಹತ್ತೊಂಬತ್ತು ಗೆದ್ದೈತಿ ಅಂತೀರೇನು?" ಎಂದರು ಪ್ರಿನ್ಸಿಪಾಲರು.

"ಹಂಗೂ ಅನ್ನಂಗಿಲ್ರಿ. ಯಾರ್ ಗೆದ್ದಾರ ಅಂತ ನನಗ ಗೊತ್ತಿಲ್ಲ ಅಂತೀನಿ."

"ಗೊತ್ತಿಲ್ಲ ಅಂತ ಬರದು ಕೊಡ್ತೀರಿ? ಕಾಲೇಜಿನ ಲೆಟರ್‌ಹೆಡ್ ಮ್ಯಾಲ?" ಅವರು ಕನ್ನಡಕ ತೆಗೆದರು. "ನೋಡ್ರಿ ಮೇಡಂ, ಯಾರೂ ಕೇಳಿಲ್ಲ. ಕಂಪ್ಲೇಂಟ್ ಇಲ್ಲ. ಗೆದ್ದಾಕಿ ನಮ್ ಕಾಲೇಜಿನಾಕಿ. ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿನೂ ಇನ್ನಾ ಮಾಡೋದೈತಿ. ಈಗ್ಯಾಕ್ ಇದು?"

ಪಟ್ಟಿಯ ಮಾತನ್ನು ಅವರು ಬೆದರಿಕೆಯಾಗಿ ಆಡಿದರೋ, ಕೆಲಸಗಳ ನೆನಪು ಮಾಡಿಕೊಳ್ಳುವಾಗ ಬಾಯಿಗೆ ಬಂತೋ, ಇಂದಿಗೂ ನಿರ್ಧರಿಸಲಾಗಿಲ್ಲ. ಒಳ್ಳೆಯ ಮನುಷ್ಯರೇ. ದೈಹಿಕ ಶಿಕ್ಷಣದ ಸರ್ ಕಿಟಕಿಯ ಕಡೆ ನೋಡುತ್ತಿದ್ದರು.

ಎದ್ದು ಸ್ಟಾಫ್ ರೂಮಿಗೆ ಬಂದೆ. ಸುಮ್ಮನಿದ್ದರೆ ಒಬ್ಬಳು ಆಯ್ಕೆಗೆ ಬೆಂಗಳೂರಿಗೆ ಹೋಗುತ್ತಾಳೆ, ಇನ್ನೊಬ್ಬಳಿಗೆ ವಯಸ್ಸು ದಾಟುತ್ತದೆ, ಎಲ್ಲವೂ ನಾನು ನೋಡಿದೆ ಎಂದು ಹೇಳಿದ್ದರ ಮೇಲೆ. ಮಾತಾಡಿದರೆ, ನಿಯಮದ ಪ್ರಕಾರ ಗೆದ್ದು ಪದಕ ಹಾಕಿಕೊಂಡವಳಿಂದ ನಾನೇ ಕಿತ್ತುಕೊಳ್ಳುತ್ತೇನೆ. ಎರಡರಲ್ಲಿ ಯಾವುದನ್ನು ಮಾಡಿದರೂ ಒಬ್ಬಳಿಗೆ ನನ್ನಿಂದ ಅನ್ಯಾಯ. ಒಂದು ತಾಸು ಕೂತೆ. ಕೊನೆಗೆ ಬರೆದದ್ದು ಮೂರು ಸಾಲು: ಅಂಕಿಗಳನ್ನು ಆಯ್ದದ್ದು ನಾನು; ಮುಂದಿದ್ದವಳ ಅಂಕಿಯನ್ನು ನಾನು ಖಚಿತವಾಗಿ ಓದಲಿಲ್ಲ; ಆದ್ದರಿಂದ ಫಲಿತಾಂಶದ ಮೇಲಿನ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಯಾರು ಗೆದ್ದರೆಂಬ ಊಹೆಯನ್ನು ಬರೆಯಲಿಲ್ಲ.

ಪತ್ರ ಓದಿ ಪ್ರಿನ್ಸಿಪಾಲರು ಅದನ್ನು ದೈಹಿಕ ಶಿಕ್ಷಣದ ಸರ್ ಕಡೆ ಸರಿಸಿದರು. ಅವರು ಓದಿ ಪತ್ರವನ್ನು ಮೇಜಿನ ಮೇಲಿಟ್ಟರು. "ಮತ್ತೊಮ್ಮೆ ಓಡ್ಸೂಣ್ರಿ ಸರ್. ಇಬ್ರನ್ನಷ್ಟ. ಕಾಲುವಿ ದಂಡಿ ಮ್ಯಾಲ. ಗೆರಿ ನಾ ನೋಡ್ತೀನಿ."

ಹಾಸ್ಟೆಲಿಗೆ ಹೋಗಿ ಎಮ್ಮಿಗನೂರಿನ ಹುಡುಗಿಗೆ ಹೇಳಬೇಕಾದವಳು ನಾನು. ಅವಳು ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ನಾ ಮೋಸ ಮಾಡೀನೇನ್ರಿ ಮೇಡಂ?"

"ಇಲ್ಲವ್ವ. ತಪ್ಪು ನಂದು."

"ಮತ್ತ ತಪ್ಪು ನಿಮ್ದಾದ್ರ ಪದಕ ನನ್ನದ್ಯಾಕ್ ಹೋಗ್ಬೇಕ್ರಿ?"

ನೀನು ಮುಂದಿದ್ದೆಯಾ ಎಂದು ಕೇಳಿದೆ, ಕೇಳಬಾರದಿತ್ತು.

"ತಲಿ ಬಗ್ಗಿಸಿ ತುಳಿಯೋರಿಗೆ ಏನ್ ಕಾಣ್ತೈತ್ರಿ? ನೀವು ಕೂಗಿದ್ರಿ, ನಾ ನಂಬಿದೆ." ಮಡಚಿದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಇನ್ನ್ ಮ್ಯಾಲ ನೀವು ಹಾಜರಿ ಕೂಗಿದ್ರೂ ನಂಬಂಗಿಲ್ಲ."

ಆದರೂ ಬರುತ್ತೇನೆ ಎಂದಳು. ಬರುವುದಿಲ್ಲ ಎಂದರೆ ಸೋತಳು ಎನ್ನುತ್ತಾರೆ, ಅದಕ್ಕೆ.

ಎರಡು ದಿನದ ನಂತರ, ಬೆಳಿಗ್ಗೆ ಏಳಕ್ಕೆ, ಡ್ಯಾಂನಿಂದ ಬರುವ ಕಾಲುವೆಯ ದಂಡೆಯ ರಸ್ತೆ. ವಾಹನಗಳಿಲ್ಲ. ಒಬ್ಬಳಿಗೆ ಕೆಂಪು ಅಂಗಿ, ಒಬ್ಬಳಿಗೆ ಬಿಳಿ. ಗೆರೆಯಲ್ಲಿ ದೈಹಿಕ ಶಿಕ್ಷಣದ ಸರ್, ಚಾಚಾ, ಕುರೆಕುಪ್ಪದ ಅಪ್ಪ, ಹಾಸ್ಟೆಲ್ ವಾರ್ಡನ್. ನನ್ನನ್ನು ಅವರು ದೂರದ ತಿರುವಿಗೆ ನಿಲ್ಲಿಸಿದರು. ನ್ಯಾಯವೇ. ಇಬ್ಬರೂ ನನ್ನ ಮುಂದೆ ಡ್ರಮ್ ಸುತ್ತಿ ಹೋದರು. ಯಾರೂ ನನ್ನ ಕಡೆ ನೋಡಲಿಲ್ಲ. ಅಲ್ಲಿ ಬಿಳಿ ಅಂಗಿ ಸ್ವಲ್ಪ ಮುಂದಿತ್ತು, ಅಂದರೆ ಕುರೆಕುಪ್ಪದವಳು. ಆಮೇಲೆ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಇಪ್ಪತ್ತು ನಿಮಿಷ ಕಳೆದು ಫೋನ್ ಬಂತು.

"ಕೆಂಪು," ಎಂದರು ಸರ್. "ಎಮ್ಮಿಗನೂರು. ಮೂರು ಸೈಕಲ್ ಉದ್ದ ಮುಂದ್ರಿ. ಕುರುಡನೂ ಹೇಳ್ತಾನ. ಮೇಡಂರ, ಅವತ್ತೂ ನೀವು ಸರಿನ ನೋಡಿದ್ರಿ ನೋಡ್ರಿ! ಸುಮ್ನ ಎಂಟು ದಿನ ನಿದ್ದಿ ಕೆಡಿಸ್ಕೊಂಡ್ರಿ."

ನಾನು ಗೆರೆಯ ಹತ್ತಿರ ತಲುಪುವ ಹೊತ್ತಿಗೆ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಪ್ರಿನ್ಸಿಪಾಲರು ಫೋನಿನಲ್ಲಿ ನಕ್ಕರು. ಪತ್ರವನ್ನು ಹರಿದುಬಿಡಲೇ ಎಂದು ಕೇಳಿದರು. ಎಮ್ಮಿಗನೂರಿನ ಹುಡುಗಿಯ ಸುತ್ತ ಗೆಳತಿಯರಿದ್ದರು; ಅವಳು ನನ್ನನ್ನು ಕಂಡು, ತಲೆ ತಗ್ಗಿಸದೆ, ಬೇರೆ ಕಡೆ ತಿರುಗಿದಳು. ಎಷ್ಟು ಹಿತವಾಗಿತ್ತು ಆ ಮಾತು, ಅವತ್ತೂ ನೀವು ಸರಿನ ನೋಡಿದ್ರಿ. ಒಪ್ಪಿಕೊಂಡುಬಿಟ್ಟರೆ ಬಿಡುಗಡೆಯಾಗುತ್ತಿತ್ತು. ಆದರೆ ಇಂದು ಯಾರು ಗಟ್ಟಿ ಎಂಬುದರಿಂದ ಅಂದು ಯಾರು ಮುಂದಿದ್ದರು ಎಂಬುದು ತಿಳಿಯುವುದಿಲ್ಲ.

ಕುರೆಕುಪ್ಪದ ಹುಡುಗಿ ಕಾಲುವೆಯ ಕಟ್ಟೆಯ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದಳು. ಅಳುತ್ತಿರಲಿಲ್ಲ. ಅವಳ ಅಪ್ಪ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಏನಾದರೂ ಹೇಳಬೇಕೆಂದು ಹತ್ತಿರ ಹೋದೆ.

ಅವಳೇ ಹೇಳಿದಳು. ಸಿಟ್ಟಿನಿಂದಲ್ಲ, ಲೆಕ್ಕ ಸರಿಪಡಿಸುವವಳಂತೆ.

"ಇವತ್ತು ಆಕಿನ ಗೆದ್ದಾಳ್ರಿ ಮೇಡಂ. ಅದ್ರಾಗ ಏನಿಲ್ಲ. ಅವತ್ತು ನಾ ಗೆದ್ದಿದ್ದೆ."

ಅಪ್ಪ ಅವಳ ಹೆಗಲು ಮುಟ್ಟಿದರು. "ಇರ್ಲಿ ಬಿಡವ್ವ. ಮೇಡಂರಿಗೆ ಗೊತ್ತಿಲ್ಲ ಅಂದಾರಲ್ಲ."

"ಅವ್ರಿಗೆ ಗೊತ್ತಿಲ್ಲಪಾ," ಎಂದಳು ಅವಳು. "ನನಗ ಗೊತ್ತೈತಿ."

ಅವಳು ಶೂ ಕಳಚಿ ಕಾಲನ್ನು ಕಾಲುವೆಯ ನೀರಿಗೆ ಇಳಿಬಿಟ್ಟಳು. ನಾನು ಇನ್ನೂ ಅಲ್ಲೇ ನಿಂತಿದ್ದೆ. ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಪತ್ರ ಹರಿಯಬೇಡಿ ಎಂದೆ.